ಮೂಗು ಮರೆತ ಪರಿಮಳ ಮರಳಿ ಬರಬಹುದು

(ಒಳರೋಗಿಗಳಿಗೂ ಅವರ ಜೊತೆಗಿರುವವರಿಗೂ ನೀಡಿದ ಆರೋಗ್ಯ ಉಪನ್ಯಾಸ)



ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಬಗ್ಗೆ ನೀವು ಆಗಾಗ ಕೇಳಿದ್ದೀರಿ. ಇಂದು ಸಾಮಾನ್ಯವಾಗಿ ಯಾರೂ ಕೇಳದ ವಿಷಯವೊಂದನ್ನು ಹೇಳುತ್ತೇನೆ. ಅದು ವಾಸನೆ ತಿಳಿಯುವ ಶಕ್ತಿ.

ನಮ್ಮ ಮಹಿಳಾ ವಾರ್ಡಿನಲ್ಲಿ ಒಬ್ಬ ಅಜ್ಜಿ ಇದ್ದರು. ಮನೆಯಿಂದ ಬಂದ ಬುತ್ತಿಯನ್ನು ಮುಟ್ಟುತ್ತಲೇ ಇರಲಿಲ್ಲ. "ಸೊಸೆ ಮಾಡಿದ ಸಾರಿಗೆ ರುಚಿನೇ ಇಲ್ಲ" ಎನ್ನುತ್ತಿದ್ದರು. ಸೊಸೆ ಕಣ್ಣೀರು ಹಾಕಿದಳು. "ಸಿಸ್ಟರ್, ಹತ್ತು ವರ್ಷದಿಂದ ಇದೇ ಕೈಯಡುಗೆ ಉಂಡಾರ‍್ರೀ" ಎಂದಳು. ನಾನು ಒಂದು ಲವಂಗ ಜಜ್ಜಿ, ಅಜ್ಜಿಗೆ ಕಣ್ಣು ಮುಚ್ಚಲು ಹೇಳಿ ಮೂಗಿನ ಹತ್ತಿರ ಹಿಡಿದೆ. "ಏನೂ ಇಲ್ಲವ್ವಾ" ಎಂದರು. ತಪ್ಪು ಸಾರಿನದಲ್ಲ, ಸೊಸೆಯದೂ ಅಲ್ಲ. ಹಿಂದಿನ ತಿಂಗಳು ಬಂದಿದ್ದ ಜೋರು ನೆಗಡಿ-ಜ್ವರ ಅಜ್ಜಿಯ ಮೂಗಿನ ಶಕ್ತಿಯನ್ನು ಕುಂದಿಸಿತ್ತು.

ರುಚಿಗೂ ಮೂಗಿಗೂ ಏನು ಸಂಬಂಧ ಎಂದು ಕೇಳಬಹುದು. ನೀವೇ ಪರೀಕ್ಷಿಸಿ ನೋಡಿ. ಮೂಗನ್ನು ಬಿಗಿಯಾಗಿ ಹಿಡಿದುಕೊಂಡು ಒಂದು ಏಲಕ್ಕಿ ಕಾಳು ಅಗಿಯಿರಿ. ಅದು ಏಲಕ್ಕಿ ಎಂದು ಗೊತ್ತೇ ಆಗುವುದಿಲ್ಲ. ಮೂಗು ಬಿಟ್ಟ ಕೂಡಲೇ ಘಮ ತುಂಬಿಕೊಳ್ಳುತ್ತದೆ. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿಯಂಥ ಕೆಲವೇ ರುಚಿಗಳು. ಉಳಿದದ್ದೆಲ್ಲ ಗಂಟಲ ಹಿಂಭಾಗದಿಂದ ಮೂಗಿಗೆ ಏರುವ ಪರಿಮಳ.

ಮೂಗು ಇಷ್ಟೊಂದು ವಾಸನೆಗಳನ್ನು ಹೇಗೆ ಗುರುತಿಸುತ್ತದೆ ಎಂಬುದು ಬಹುಕಾಲ ಒಗಟಾಗಿತ್ತು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಿಚರ್ಡ್ ಆಕ್ಸೆಲ್ ಅವರ ಪ್ರಯೋಗಾಲಯದಲ್ಲಿ ಲಿಂಡಾ ಬಕ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಇದರ ಬೆನ್ನು ಹತ್ತಿದರು. 1991ರಲ್ಲಿ ಉತ್ತರ ಸಿಕ್ಕಿತು. ಮೂಗಿನ ಮೇಲ್ಭಾಗದಲ್ಲಿ ಅಂಚೆ ಚೀಟಿಯಷ್ಟು ಅಗಲದ ಜಾಗದಲ್ಲಿ ಲಕ್ಷಾಂತರ ನರಕೋಶಗಳಿವೆ. ಒಂದೊಂದು ಕೋಶದ ಮೇಲೂ ವಾಸನೆ ಹಿಡಿಯುವ ಒಂದೊಂದು ಬಗೆಯ ಗ್ರಾಹಕವಿದೆ. ಇಲಿಗಳಲ್ಲಿ ಇಂಥ ಗ್ರಾಹಕಗಳು ಸುಮಾರು 1000 ಬಗೆ, ಮನುಷ್ಯರಲ್ಲಿ ಸುಮಾರು 400 ಬಗೆ. ಹಾರ್ಮೋನಿಯಂನಲ್ಲಿ ಸ್ವರಗಳು ಕೆಲವೇ ಇದ್ದರೂ ಅವುಗಳಿಂದ ನುಡಿಸುವ ಹಾಡುಗಳಿಗೆ ಲೆಕ್ಕವಿಲ್ಲ. ಹಾಗೆಯೇ ಗ್ರಾಹಕಗಳು ಬೇರೆ ಬೇರೆ ರೀತಿ ಕೂಡಿ ಅಸಂಖ್ಯ ವಾಸನೆಗಳನ್ನು ಮಿದುಳಿಗೆ ತಿಳಿಸುತ್ತವೆ. ಮುಂದೆ ಬಕ್ ಅವರು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದರು. 2004ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು.

ನಮಗೆ ಧೈರ್ಯ ಕೊಡುವ ಮಾತೊಂದಿದೆ. ಈ ನರಕೋಶಗಳು ಸವೆದಂತೆ ಹೊಸವು ಹುಟ್ಟುತ್ತಲೇ ಇರುತ್ತವೆ. ದೇಹದ ಬೇರೆ ನರಕೋಶಗಳಲ್ಲಿ ಇಂಥ ಗುಣ ಬಲು ಅಪರೂಪ. 2020ರಲ್ಲಿ ಕೋವಿಡ್ ಬಂದಾಗ ಎಷ್ಟೋ ಜನರಿಗೆ ವಾಸನೆ ಹೋಯಿತು. ಆ ರೋಗಾಣು ಮುಖ್ಯವಾಗಿ ನರಕೋಶಗಳಿಗೆ ಆಸರೆಯಾಗಿರುವ ಕೋಶಗಳನ್ನು ಕೆಡಿಸುತ್ತದೆ ಎಂದು ಸಂಶೋಧಕರು ಕಂಡುಕೊಂಡರು. ಬಹುಪಾಲು ಜನರಿಗೆ ವಾರಗಳಲ್ಲಿ ವಾಸನೆ ಮರಳಿತು. ಕೆಲವರಿಗೆ ತಿಂಗಳುಗಳೇ ಬೇಕಾದವು. ಕೆಲವರಿಗೆ ಪೂರ್ತಿ ಮರಳಲಿಲ್ಲ.

ಮೂಗಿಗೂ ಒಂದು ವ್ಯಾಯಾಮವಿದೆ. ಜರ್ಮನಿಯ ಡ್ರೆಸ್ಡೆನ್ ನಗರದ ಪ್ರಾಧ್ಯಾಪಕ ಥಾಮಸ್ ಹಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಇದನ್ನು ಪ್ರಕಟಿಸಿದರು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಎಂಬ ನಾಲ್ಕು ಪರಿಮಳಗಳನ್ನು ಬೆಳಿಗ್ಗೆ ಮತ್ತು ಸಂಜೆ 12 ವಾರ ಮೂಸುವುದು. ಎಲ್ಲರಿಗೂ ಫಲ ಸಿಗುತ್ತದೆಂದಲ್ಲ, ಆದರೆ ಹಲವರಿಗೆ ಸಹಾಯವಾಗಿದೆ. ಒಂದೊಂದನ್ನೂ ಸುಮಾರು ಹತ್ತು ಸೆಕೆಂಡು ನಿಧಾನವಾಗಿ ಮೂಸಿ, ಆ ಪರಿಮಳವನ್ನು ಮನಸ್ಸಿನಲ್ಲಿ ನೆನೆಯಬೇಕು. ನೀಲಗಿರಿ ಎಣ್ಣೆಯ ಒಂದೆರಡು ಹನಿಯನ್ನು ಹತ್ತಿಗೆ ಹಾಕಿ ಮೂಸಿರಿ. ಮೂಗಿನೊಳಗೆ ಹಾಕಬೇಡಿ. ಉಬ್ಬಸ ಇರುವವರು ಮೊದಲು ವೈದ್ಯರನ್ನು ಕೇಳಿ.

ವಾಸನೆ ತಿಳಿಯದವರು ಮನೆಯಲ್ಲಿ ಗಮನಿಸಬೇಕಾದ ವಿಷಯಗಳು:

1. ಅಡುಗೆ ಅನಿಲಕ್ಕೆ ತನ್ನದೇ ಆದ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಸೋರಿಕೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸುತ್ತಾರೆ. ಅದು ನಿಮಗೆ ತಿಳಿಯದಿದ್ದರೆ ಅಪಾಯ. ಬಳಸಿದ ಮೇಲೆ ರೆಗ್ಯುಲೇಟರ್ ಬಂದ್ ಮಾಡಿ. ಮನೆಯ ಇನ್ನೊಬ್ಬರು ದಿನವೂ ನೋಡಲಿ.

2. ಹಳಸಿದ ಅನ್ನ, ಕೆಟ್ಟ ಹಾಲು ನಿಮಗೆ ಗೊತ್ತಾಗದು. ಬೇರೆಯವರು ಮೂಸಿ ನೋಡಿದ ಮೇಲೆ ಉಣ್ಣಿರಿ.

3. ರುಚಿ ಇಲ್ಲವೆಂದು ಉಪ್ಪು, ಸಕ್ಕರೆ ಹೆಚ್ಚಿಸಬೇಡಿ. ನಿಂಬೆರಸ, ಒಗ್ಗರಣೆಯ ಗರಿಗರಿ ಬೇಳೆ ಇವುಗಳಿಂದ ಊಟವನ್ನು ಹಿತವಾಗಿಸಿ.

4. ಬೀಡಿ, ಸಿಗರೇಟು, ನಶ್ಯ ಬಿಡಿ.

5. ತಲೆಗೆ ಪೆಟ್ಟು ಬಿದ್ದ ಮೇಲೆ ವಾಸನೆ ಹೋದರೆ, ಮೂಗಿನ ಒಂದೇ ಹೊಳ್ಳೆ ಸದಾ ಕಟ್ಟಿದ್ದರೆ ಅಥವಾ ಮೂಗಿನಿಂದ ರಕ್ತ ಬರುತ್ತಿದ್ದರೆ ತಡಮಾಡದೆ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಿರಿ. ನೆಗಡಿ ವಾಸಿಯಾಗಿ ಕೆಲವು ವಾರವಾದರೂ ವಾಸನೆ ಬಾರದಿದ್ದರೂ ತೋರಿಸಿರಿ.

ಜೊತೆಗಿರುವವರಲ್ಲಿ ಒಂದು ವಿನಂತಿ. ವಯಸ್ಸಾದಂತೆ ಮೂಗಿನ ಶಕ್ತಿ ತಾನಾಗಿಯೇ ಕುಗ್ಗುತ್ತದೆ. ಹಿರಿಯರು ಊಟ ಬೇಡವೆಂದರೆ ಹಠವೆಂದು ಗದರಬೇಡಿ. ಮೊದಲು ಒಂದು ಲವಂಗ ಮೂಸಿಸಿ ನೋಡಿ.

ಆ ಅಜ್ಜಿಗೆ ವಾರ್ಡಿನಲ್ಲಿಯೇ ಈ ಅಭ್ಯಾಸ ಕಲಿಸಿದೆವು. ಮನೆಗೆ ಹೋದ ಮೇಲೆ ಸೊಸೆಯೇ ದಿನಕ್ಕೆ ಎರಡು ಸಲ ಮಾಡಿಸಿದಳು. ಎರಡು ತಿಂಗಳ ನಂತರ ತೋರಿಸಲು ಬಂದಾಗ ಅಜ್ಜಿ ಹೇಳಿದರು: "ಲವಂಗ ಇನ್ನೂ ತಿಳಿಯಾಂಗಿಲ್ಲವ್ವಾ. ನಿಂಬೆಹಣ್ಣು ಮಾತ್ರ ಸ್ವಲ್ಪ ತಿಳಿತದ." ಪಕ್ಕದಲ್ಲಿದ್ದ ಸೊಸೆ, "ಈಗ ಅರ್ಧ ರೊಟ್ಟಿ ಹೆಚ್ಚು ಉಣ್ತಾರ‍್ರೀ" ಎಂದಳು.

ನಿಮಗೂ ಇಂಥ ತೊಂದರೆ ಇದ್ದರೆ ಸಂಕೋಚಪಡದೆ ನಿಮ್ಮ ವಾರ್ಡಿನ ಸಿಸ್ಟರ್‌ಗೆ ಹೇಳಿರಿ.