ಗಂಟೆ ಕೇಳಿತು, ಮಾತು ಕೇಳಲಿಲ್ಲ



ನನ್ನ ಅಕ್ಕನ ಮಗಳಿಗೆ ಎಂ.ಎಸ್‌ಸಿ. ಪ್ರವೇಶಕ್ಕಾಗಿ ವಿಡಿಯೋ ಕರೆಯ ಮೂಲಕ ಸಂದರ್ಶನ ನಿಗದಿಯಾಗಿತ್ತು. ಹಿಂದಿನ ರಾತ್ರಿ ಅದೇ ಆ್ಯಪ್‌ನಲ್ಲಿ ಪರೀಕ್ಷೆಗೆಂದು ನನಗೆ ಕರೆ ಮಾಡಿದಳು. ನನ್ನ ಫೋನಿನಲ್ಲಿ ಗಂಟೆ ಬಾರಿಸಿತು. ಎತ್ತಿಕೊಂಡೆ. 'ಸಂಪರ್ಕಿಸಲಾಗುತ್ತಿದೆ' ಎಂಬ ಬರಹ ಮೂಡಿತು. ಅರ್ಧ ನಿಮಿಷದಲ್ಲಿ ಕರೆ ಕಡಿದುಹೋಯಿತು. ಐದು ಸಲವೂ ಹೀಗೆಯೇ. ಕೊನೆಗೆ ಸಾಮಾನ್ಯ ಕರೆ ಮಾಡಿ, "ಮಾಮ, ಸಿನಿಮಾ ನಿಲ್ಲದೆ ಓಡುತ್ತೆ. ಇದೊಂದೇ ಆಗ್ತಿಲ್ಲ. ನಾಳೆ ಏನು ಮಾಡಲಿ?" ಎಂದಳು. ಅವಳ ದನಿ ನಡುಗುತ್ತಿತ್ತು.

ಸಿನಿಮಾ ಬರುತ್ತದೆ, ಕರೆ ಬರುವುದಿಲ್ಲ. ಇದು ಹೇಗೆ ಸಾಧ್ಯ?

ಸಿನಿಮಾ ನೋಡುವಾಗ ಮುಂದಿನ ಕೆಲವು ಸೆಕೆಂಡುಗಳ ಭಾಗ ಮೊದಲೇ ಬಂದು ಶೇಖರವಾಗಿರುತ್ತದೆ. ಒಂದು ತುಣುಕು ಕಳೆದುಹೋದರೆ ಮತ್ತೆ ಕೇಳಿ ತರಿಸಿಕೊಳ್ಳಲು ಸಮಯವಿರುತ್ತದೆ. ಮಾತಿಗೆ ಆ ಅವಕಾಶವಿಲ್ಲ. ಆದ್ದರಿಂದ ಇಂತಹ ಕರೆಗಳು ಸಾಮಾನ್ಯವಾಗಿ 1980ರಲ್ಲಿ ರೂಪುಗೊಂಡ ಯುಡಿಪಿ ಎಂಬ ವಿಧಾನವನ್ನು ಬಳಸುತ್ತವೆ. ಇದರಲ್ಲಿ ತುಣುಕನ್ನು ಕಳಿಸುವುದಷ್ಟೇ. ತಲುಪಿತೇ ಎಂದು ಕಾಯುವುದಿಲ್ಲ.

ಇನ್ನೊಂದು ವಿಷಯ. ಗಂಟೆ ಬಾರಿಸುವ ಸಂದೇಶ ಕಂಪನಿಯ ಸರ್ವರ್ ಮೂಲಕ ಬರುತ್ತದೆ. ಇಬ್ಬರೇ ಮಾತನಾಡುವಾಗ ಧ್ವನಿ ಮತ್ತು ಚಿತ್ರ ಮಾತ್ರ ಸಾಧ್ಯವಾದಷ್ಟೂ ಮನೆಯಿಂದ ಮನೆಗೆ ನೇರವಾಗಿ ಹೋಗಲು ಯತ್ನಿಸುತ್ತವೆ. ತೊಡಕು ಇಲ್ಲಿಯೇ.

ಹಳೆಯ ಐಪಿ ವಿಳಾಸ ಪದ್ಧತಿಯಲ್ಲಿ ವಿಳಾಸಕ್ಕೆ 32 ಬಿಟ್‌ಗಳು. ಅಂದರೆ ಒಟ್ಟು ಸುಮಾರು 429 ಕೋಟಿ ವಿಳಾಸಗಳು ಮಾತ್ರ. ಪ್ರಪಂಚದ ಸಾಧನಗಳಿಗೆ ಇವು ಸಾಲವು. ಆದ್ದರಿಂದ ಮನೆಗೆಲ್ಲ ಸೇರಿ ಹೊರಗೆ ಒಂದೇ ವಿಳಾಸ. ಒಳಗಿನ ಫೋನು, ಕಂಪ್ಯೂಟರುಗಳಿಗೆ 192.168 ಎಂದು ಆರಂಭವಾಗುವಂತಹ ಖಾಸಗಿ ವಿಳಾಸ. ಎರಡನ್ನೂ ಹೊಂದಿಸುವ ಕೆಲಸ ರೂಟರಿನದು.

ರೂಟರನ್ನು ಹಾಸ್ಟೆಲ್ಲಿನ ವಾರ್ಡನ್ ಎಂದುಕೊಳ್ಳಿ. ನೀವು ಬರೆದ ಪತ್ರಕ್ಕೆ ಉತ್ತರ ಬಂದರೆ ಅವರು ನಿಮ್ಮ ಕೋಣೆಗೆ ತಲುಪಿಸುತ್ತಾರೆ. ಯಾರೂ ನಿರೀಕ್ಷಿಸದ ಪತ್ರ ಬಂದರೆ ಬಾಗಿಲಲ್ಲೇ ತಡೆಯುತ್ತಾರೆ. ಆದ್ದರಿಂದ ಕರೆಯ ಆ್ಯಪ್ ಒಂದು ಉಪಾಯ ಹೂಡುತ್ತದೆ. ಹೊರಗಿನ ಸರ್ವರನ್ನು ಕೇಳಿ ತನ್ನ ಹೊರ ವಿಳಾಸ ತಿಳಿದುಕೊಳ್ಳುತ್ತದೆ. ಎರಡೂ ಮನೆಗಳು ಏಕಕಾಲಕ್ಕೆ ಪರಸ್ಪರ ತುಣುಕುಗಳನ್ನು ಕಳಿಸುತ್ತವೆ. ಎರಡೂ ಕಡೆಯ ವಾರ್ಡನ್‌ಗಳು ಅವನ್ನು ಉತ್ತರವೆಂದು ತಿಳಿದು ಒಳಗೆ ಬಿಡುತ್ತಾರೆ! ಇದು ಫಲಿಸದಿದ್ದರೆ ಮಧ್ಯವರ್ತಿ ಸರ್ವರಿನ ಮೊರೆ ಹೋಗಬೇಕು. ಆ ದಾರಿಯೂ ಮುಚ್ಚಿದ್ದರೆ ಗಂಟೆಯಷ್ಟೇ ಕೇಳುತ್ತದೆ.

ದೋಷ ಎಲ್ಲಿದೆಯೆಂದು ಹುಡುಕುವುದು ಹೇಗೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಬಾರದು. ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ.

ಮೊದಲು ವೈ-ಫೈ ಆರಿಸಿ, ಮೊಬೈಲ್ ಡೇಟಾದಿಂದ ಕರೆ ಮಾಡಲು ಹೇಳಿದೆ. ಕರೆ ಬಂತು. ಅಂದರೆ ಫೋನೂ ಆ್ಯಪೂ ನಿರ್ದೋಷಿ. ಅವರ ಮನೆಯಲ್ಲಿ ಎರಡು ರೂಟರುಗಳು: ಕೆಳಗೆ ಸಂಪರ್ಕ ಕೊಟ್ಟವರದು, ಮಹಡಿಗೆಂದು ಕೊಂಡದ್ದು ಇನ್ನೊಂದು. ಕೆಳಗಿನ ವೈ-ಫೈಗೆ ಸೇರಿಸಿದಳು, ಕರೆ ಬಂತು. ಉಳಿದದ್ದು ಮಹಡಿಯದು. ಅದರಲ್ಲಿ ಫೈರ್‌ವಾಲನ್ನು ಯಾರೋ ಅತಿ ಬಿಗಿಯಾಗಿ ಇಟ್ಟಿದ್ದರು. ಸಾಲದ್ದಕ್ಕೆ ಅದೂ ವಿಳಾಸ ಬದಲಿಸುವ ಕೆಲಸ ಮಾಡುತ್ತಿತ್ತು. ವಾರ್ಡನ್ ಕೈಕೆಳಗೆ ಇನ್ನೊಬ್ಬ ವಾರ್ಡನ್! ಅದನ್ನು 'ಆಕ್ಸೆಸ್ ಪಾಯಿಂಟ್' ಸ್ಥಿತಿಗೆ ಬದಲಾಯಿಸಿದಾಗ, ಆ ಕೆಲಸ ಕೆಳಗಿನ ರೂಟರಿಗೇ ಉಳಿಯಿತು. ರಾತ್ರಿ ಹನ್ನೊಂದಕ್ಕೆ ಅವಳ ನಗುಮುಖ ನನ್ನ ಪರದೆಯ ಮೇಲೆ ಮೂಡಿತು.

ಕರೆ ಸೇರಿದರೂ ತುಂಡುತುಂಡಾಗುತ್ತಿದ್ದರೆ ಕಾರಣ ಬೇರೆ. ಇಳಿಯುವ ವೇಗವನ್ನಷ್ಟೇ ನೋಡಬೇಡಿ, ಏರುವ ವೇಗವನ್ನೂ ನೋಡಿ. ಮನೆಯಲ್ಲಿ ಯಾರದೋ ಫೋನು ಫೋಟೋಗಳನ್ನು ಮೇಲೇರಿಸುತ್ತಿದ್ದರೆ ನಿಮ್ಮ ಮಾತು ಸರದಿಯಲ್ಲಿ ನಿಲ್ಲುತ್ತದೆ. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡುಗಳ ಒಳಗೆ ತಲುಪಿದರೆ ಸಂಭಾಷಣೆ ಸಹಜವಾಗಿರುತ್ತದೆ. ರೂಟರಿನ ಹತ್ತಿರ ಕುಳಿತುಕೊಳ್ಳಿ, ಸಾಧ್ಯವಾದರೆ ತಂತಿಯನ್ನೇ ಜೋಡಿಸಿ. ಗೋಡೆಗಳು ವೈ-ಫೈ ಅಲೆಗಳನ್ನು ಕುಗ್ಗಿಸುತ್ತವೆ. ಮೈಕ್ರೋವೇವ್ ಒಲೆ 2.4 ಗಿಗಾಹರ್ಟ್ಸ್ ವೈ-ಫೈಗೆ ಅಡ್ಡಿ ಮಾಡುತ್ತದೆ.

ಒಂದು ಎಚ್ಚರಿಕೆ. ಕರೆ ಬರಲೆಂದು ಮುಖ್ಯ ರೂಟರಿನ ಫೈರ್‌ವಾಲನ್ನೇ ತೆಗೆದುಹಾಕಬೇಡಿ. ಸೊಳ್ಳೆ ಬಂತೆಂದು ಕಿಟಕಿ ಮುಚ್ಚುವುದುಂಟು. ಗಾಳಿ ಬೇಕೆಂದು ಮುಂಬಾಗಿಲನ್ನು ಕಿತ್ತಿಡುವವರಿಲ್ಲ. ಬದಲಾಯಿಸುವ ಮುನ್ನ ಹಳೆಯ ಸ್ಥಿತಿಯನ್ನು ಬರೆದಿಟ್ಟುಕೊಳ್ಳಿ.

ನಿಮಗೂ ಇಂತಹ ಸಂದರ್ಶನಗಳು ಬರುತ್ತವೆ. ಹಿಂದಿನ ದಿನ ಅದೇ ಕೋಣೆಯಲ್ಲಿ, ಅದೇ ಹೊತ್ತಿಗೆ, ಅದೇ ಆ್ಯಪ್‌ನಲ್ಲಿ ಒಮ್ಮೆ ಕರೆ ಮಾಡಿ ನೋಡಿ. ಮೊಬೈಲ್ ಡೇಟಾವನ್ನೂ ಸಿದ್ಧವಾಗಿಟ್ಟುಕೊಳ್ಳಿ. ಓದಿ ತಯಾರಾದ ನಿಮ್ಮ ಮಾತು ಕೇಳುವವರ ಕಿವಿ ಮುಟ್ಟಲಿ.