ಮನೆಸಾಲ: ಯಾರ ಕೈಯಿಂದ?



ಈ ಸಂಜೆಯ ಮಾತಿಗೆ ನಾನು ಮನೆಸಾಲವನ್ನು ಆರಿಸಿಕೊಂಡೆನೆಂದು ತಿಳಿದಾಗ, ಸಾಹಿತ್ಯದ ಕೂಟದಲ್ಲಿ ಬಡ್ಡಿಯ ಲೆಕ್ಕವೇಕೆ ಎಂದು ಕೆಲವರು ನಕ್ಕರು. ಜಾತಿ, ವರ್ಗ, ಭೂಮಿಯ ಒಡೆತನ ಇವುಗಳ ಬಗ್ಗೆ ನಾವು ಇಲ್ಲಿ ವರ್ಷಗಟ್ಟಲೆ ಮಾತಾಡಿದ್ದೇವೆ. ಆದರೆ ಅಮೆರಿಕೆಯಲ್ಲಿ ನಮ್ಮಲ್ಲಿ ಹೆಚ್ಚಿನವರು ಸಹಿ ಹಾಕುವ ಅತಿದೊಡ್ಡ ಕರಾರು ಮನೆಸಾಲದ್ದೇ. ಆ ಸಾಲವನ್ನು ಯಾರಿಂದ ಪಡೆಯಬೇಕೆಂಬುದನ್ನು ಮಾತ್ರ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಒಂದು ಹೆಸರನ್ನು ನಂಬಿ ಒಂದೇ ಮಧ್ಯಾಹ್ನದಲ್ಲಿ ತೀರ್ಮಾನಿಸಿಬಿಡುತ್ತೇವೆ. ‘ಅವರು ನಮ್ಮವರೇ’ ಎಂಬುದೇ ಅನೇಕ ಸಲ ಏಕೈಕ ಅರ್ಹತೆ.

ಈ ದೇಶದಲ್ಲಿ ಸಾಲ ಕೊಡುವ ಕೈ ಎಂದೂ ತಟಸ್ಥವಾಗಿರಲಿಲ್ಲ. 1933ರಲ್ಲಿ ಹುಟ್ಟಿದ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ನಗರಗಳ ನಕ್ಷೆ ಬರೆಸಿ, ಬಡಾವಣೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿತು. ಕೊನೆಯ ದರ್ಜೆಯ ಬಣ್ಣ ಕೆಂಪು. ಕಪ್ಪು ಜನರು ಬದುಕುತ್ತಿದ್ದ ಬೀದಿಗಳು ಬಹುಮಟ್ಟಿಗೆ ಆ ಕೆಂಪಿನೊಳಗೇ ಬಂದವು. ಮರುವರ್ಷ ಸ್ಥಾಪನೆಯಾದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಕೂಡ ಇಂಥ ಬಡಾವಣೆಗಳ ಸಾಲಕ್ಕೆ ವಿಮೆ ಕೊಡಲು ಹಿಂದೆಗೆಯಿತು. ಊರಾಚೆಯ ಕೇರಿಯನ್ನು ಕಂಡು ಬೆಳೆದವರಿಗೆ ಈ ನಕ್ಷೆಯನ್ನು ಓದಲು ಯಾರೂ ಕಲಿಸಬೇಕಾಗಿಲ್ಲ.

ಇದು ಬೇರೆಯವರ ಕಥೆಯೆಂದು ತಿಳಿಯಬೇಡಿ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಪೌರತ್ವಕ್ಕೆ ಅರ್ಹರಲ್ಲದವರು ಕೃಷಿಭೂಮಿಯ ಒಡೆಯರಾಗುವಂತಿಲ್ಲ ಎಂಬ ಕ್ಯಾಲಿಫೋರ್ನಿಯಾದ ಕಾನೂನು ಅಲ್ಲಿನ ಪಂಜಾಬಿ ರೈತರನ್ನೂ ಸುತ್ತಿಕೊಂಡಿತು.

ಇಂದು ನಮಗಿರುವ ರಕ್ಷಣೆಗಳು ಬ್ಯಾಂಕುಗಳ ಔದಾರ್ಯದಿಂದ ಬಂದವಲ್ಲ. ವಸತಿ ಭೇದಭಾವವನ್ನು ನಿಷೇಧಿಸಿದ 1968ರ ಕಾಯ್ದೆ ನಾಗರಿಕ ಹಕ್ಕುಗಳ ಚಳವಳಿಯ ಫಲ. ಸಾಲದಾತರು ಯಾರಿಗೆ, ಎಲ್ಲಿ ಸಾಲ ಕೊಟ್ಟರೆಂಬುದನ್ನು ಬಹಿರಂಗಪಡಿಸಬೇಕೆಂಬ 1975ರ ಹೋಮ್ ಮಾರ್ಟ್‌ಗೇಜ್ ಡಿಸ್‌ಕ್ಲೋಷರ್ ಕಾಯ್ದೆಯ ಹಿಂದೆ ಚಿಕಾಗೋದ ಗೇಲ್ ಸಿಂಕೋಟ ಮತ್ತು ಆಕೆಯ ನೆರೆಹೊರೆಯ ಹೋರಾಟವಿತ್ತು. ಆ ಕಾಯ್ದೆಯಿಂದಾಗಿ ದೊಡ್ಡ ಸಾಲದಾತರ ಅರ್ಜಿ, ಮಂಜೂರಾತಿ, ನಿರಾಕರಣೆಗಳ ಅಂಕಿಅಂಶ ಇಂದು ಯಾರ ಕಣ್ಣಿಗೂ ತೆರೆದಿದೆ. ಮನೆಯ ಅಡುಗೆಕೋಣೆಯ ಕಲ್ಲಿನ ಬಣ್ಣಕ್ಕೆ ಮೂರು ವಾರ ಕೊಡುವ ನಾವು ಈ ಪಟ್ಟಿಗೆ ಅರ್ಧ ಗಂಟೆ ಕೊಡಬಾರದೇ? ಕಾಯ್ದೆಗಳಿದ್ದೂ ಏನಾಯಿತೆಂಬುದು ನಿಮಗೆ ನೆನಪಿರಬಹುದು. ಕಪ್ಪು ಮತ್ತು ಹಿಸ್ಪಾನಿಕ್ ಸಾಲಗಾರರಿಂದ ಹೆಚ್ಚು ವಸೂಲು ಮಾಡಿದರೆಂಬ ಸರ್ಕಾರದ ಆರೋಪದ ಮೇಲೆ 2011ರಲ್ಲಿ ಕಂಟ್ರಿವೈಡ್ 33.5 ಕೋಟಿ ಡಾಲರಿಗೂ, 2012ರಲ್ಲಿ ವೆಲ್ಸ್ ಫಾರ್ಗೋ 17.5 ಕೋಟಿ ಡಾಲರಿಗೂ ರಾಜಿ ಮಾಡಿಕೊಂಡವು.

ಈಗ ಲೆಕ್ಕಕ್ಕೆ ಬರೋಣ. 4 ಲಕ್ಷ ಡಾಲರ್ ಸಾಲ, 30 ವರ್ಷದ ಅವಧಿ. ಬಡ್ಡಿ ಶೇ. 6.5 ಆದರೆ ಅಸಲು–ಬಡ್ಡಿ ಸೇರಿ ತಿಂಗಳ ಕಂತು ಸುಮಾರು 2,528 ಡಾಲರ್. ಶೇ. 6.25 ಆದರೆ 2,463. ವ್ಯತ್ಯಾಸ 65 ಡಾಲರ್; 30 ವರ್ಷಕ್ಕೆ ಅದು 23,000 ದಾಟುತ್ತದೆ. ಆದರೆ ಕಡಿಮೆ ಬಡ್ಡಿಯ ಜಾಹೀರಾತಿನ ಹಿಂದೆ ಅನೇಕ ವೇಳೆ ‘ಪಾಯಿಂಟ್’ ಅಡಗಿರುತ್ತದೆ. ಒಂದು ಪಾಯಿಂಟೆಂದರೆ ಸಾಲದ ಶೇ. 1, ಇಲ್ಲಿ 4,000 ಡಾಲರ್, ಮೊದಲೇ ತೆರಬೇಕಾದದ್ದು. ಅದರಿಂದ ಬಡ್ಡಿ ಕಾಲು ಅಂಶ ಇಳಿದರೂ ಕೊಟ್ಟ ಹಣ ಮರಳಿ ಬರಲು ಐದು ವರ್ಷ ಬೇಕು. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು, ಕೆಲಸ ಹೋದರೆ 60 ದಿನಗಳಲ್ಲಿ ದಾರಿ ಹುಡುಕಬೇಕಾದವರು ಐದು ವರ್ಷದ ಭರವಸೆಯನ್ನು ಯಾರಿಂದ ಪಡೆದಾರು?

ಆದ್ದರಿಂದ ಕನಿಷ್ಠ ಮೂವರು ಸಾಲದಾತರಿಂದ ಲೋನ್ ಎಸ್ಟಿಮೇಟ್ ಪಡೆಯಿರಿ. ಅರ್ಜಿ ಸಲ್ಲಿಸಿದ ಮೂರು ಕೆಲಸದ ದಿನಗಳೊಳಗೆ ಅದನ್ನು ಕೊಡುವುದು ಅವರ ಕಾನೂನುಬದ್ಧ ಕರ್ತವ್ಯ. ಹಲವರ ಬಳಿ ವಿಚಾರಿಸಿದರೆ ಕ್ರೆಡಿಟ್ ಸ್ಕೋರ್ ಕುಸಿಯುತ್ತದೆಂಬ ಭಯ ಬೇಡ. 45 ದಿನಗಳೊಳಗಿನ ಮನೆಸಾಲದ ವಿಚಾರಣೆಗಳೆಲ್ಲ ಒಂದೇ ಎಂದು ಎಣಿಕೆಯಾಗುತ್ತವೆ. ಮನೆ ತೋರಿಸುವ ಏಜೆಂಟರೋ ಬಿಲ್ಡರೋ ಒಬ್ಬರೇ ಸಾಲದಾತರ ಹೆಸರನ್ನು ಮತ್ತೆ ಮತ್ತೆ ಹೇಳಿದರೆ, ಅವರಿಬ್ಬರ ನಡುವಿನ ಸಂಬಂಧವೇನೆಂದು ನೇರವಾಗಿ ಕೇಳಿ. ಗಿರಾಕಿಯನ್ನು ಕಳಿಸಿದ್ದಕ್ಕೆ ಕಮಿಷನ್ ಪಡೆಯುವುದನ್ನು 1974ರ ಕಾನೂನು ನಿಷೇಧಿಸಿದೆ.

ವೀಸಾ ಹಿಡಿದವರಿಗೆ ಇನ್ನೊಂದು ಮಾತು. 2025ರ ಮೇ 25ರಿಂದ ಖಾಯಂ ನಿವಾಸಿಗಳಲ್ಲದವರಿಗೆ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ನಿನ ವಿಮೆಯುಳ್ಳ ಸಾಲದ ಬಾಗಿಲು ಮುಚ್ಚಿದೆ. ಕಡಿಮೆ ಮುಂಗಡದ ಈ ದಾರಿ ದೊಡ್ಡ ಸಂಬಳದ ಇಂಜಿನಿಯರರಿಗಿಂತ ಹೆಚ್ಚಾಗಿ ನಮ್ಮ ನಡುವಿನ ನರ್ಸುಗಳಿಗೆ, ಶಾಲಾ ಶಿಕ್ಷಕರಿಗೆ ಬೇಕಾಗಿತ್ತು. ಬೇರೆ ಬಗೆಯ ಸಾಲಗಳು ಇನ್ನೂ ಸಿಗುತ್ತವೆ, ಆದರೆ ವೀಸಾದ ಅವಧಿಯನ್ನು ಒಬ್ಬೊಬ್ಬ ಸಾಲದಾತ ಒಂದೊಂದು ರೀತಿ ಅಳೆಯುತ್ತಾನೆ. ಒಬ್ಬರು ಇಲ್ಲವೆಂದರೆ ಅದು ದೇಶದ ಉತ್ತರವಲ್ಲ. ನಿರಾಕರಣೆಯ ಕಾರಣ ತಿಳಿಯುವ ಹಕ್ಕು ನಿಮಗಿದೆ.

ಕ್ರೆಡಿಟ್ ಯೂನಿಯನ್ನುಗಳತ್ತ ನನ್ನ ಒಲವನ್ನು ಮುಚ್ಚಿಡುವುದಿಲ್ಲ. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಾಹುಕಾರರ ಬಡ್ಡಿಗೆ ಎದುರಾಗಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಬಾಸ್ಟನ್ನಿನ ವರ್ತಕ ಎಡ್ವರ್ಡ್ ಫೈಲೀನ್ 1907ರಲ್ಲಿ ಭಾರತ ಸುತ್ತುವಾಗ ಕಂಡದ್ದು ಇಂಥವೇ ಹಳ್ಳಿ ಸಂಘಗಳನ್ನು, ಬಂಗಾಳದಲ್ಲಿ. ಮರಳಿ ಬಂದು ಅವರು ಬೆಂಬಲಿಸಿದ ಮ್ಯಾಸಚೂಸೆಟ್ಸಿನ ಕ್ರೆಡಿಟ್ ಯೂನಿಯನ್ ಕಾಯ್ದೆ 1909ರಲ್ಲಿ ಬಂತು. ನಾವು ಪರಕೀಯವೆಂದು ದೂರವಿಟ್ಟ ಸಂಸ್ಥೆಯ ಬೇರಿನಲ್ಲಿ ನಮ್ಮ ಮಣ್ಣೂ ಇದೆ. ಹಾಗೆಂದು ಸಹಕಾರಿ ಎಂಬ ಹೆಸರಿಗೇ ಕೈಮುಗಿಯಬೇಡಿ. ಸಹಕಾರಿ ಬ್ಯಾಂಕುಗಳಲ್ಲಿ ಹಣ ಕಳೆದುಕೊಂಡ ಊರಿನವರು ನಮ್ಮೆಲ್ಲರ ಬಂಧುಗಳಲ್ಲಿದ್ದಾರೆ. ಬಡವರ ಬಡಾವಣೆಗಳಿಗೂ ಸಾಲ ಕೊಡಬೇಕೆಂದು ಬ್ಯಾಂಕುಗಳನ್ನು ಹೊಣೆ ಮಾಡುವ 1977ರ ಫೆಡರಲ್ ಕಾಯ್ದೆ ಕ್ರೆಡಿಟ್ ಯೂನಿಯನ್ನುಗಳಿಗೆ ಅನ್ವಯಿಸುವುದಿಲ್ಲ. ಇಂದು ಮನೆಸಾಲದ ಬಹುಪಾಲನ್ನು ಕೊಡುವ, ಬ್ಯಾಂಕಲ್ಲದ ಕಂಪನಿಗಳಿಗೂ ಅನ್ವಯಿಸುವುದಿಲ್ಲ.

ಇನ್ನು ಮೇಜಿನ ಮೇಲಿರುವ ಹಾಳೆಗಳನ್ನು ತೆಗೆದುಕೊಳ್ಳಿ. ಹೆಸರು ಅಳಿಸಿದ ಮೂರು ಲೋನ್ ಎಸ್ಟಿಮೇಟುಗಳಿವೆ. ಮೊದಲ ಪುಟದ ಬಡ್ಡಿದರವನ್ನು ಸದ್ಯಕ್ಕೆ ಬಿಟ್ಟು, ಎರಡನೆಯ ಪುಟದ ‘ಎ’ ಭಾಗವನ್ನು ಅಕ್ಕಪಕ್ಕ ಇಟ್ಟು ನೋಡಿ: ಸಾಲದಾತ ತನಗಾಗಿ ಎಷ್ಟು ಇಟ್ಟುಕೊಂಡಿದ್ದಾನೆಂಬುದು ಅಲ್ಲಿದೆ. ಮೂರನೆಯ ಪುಟದಲ್ಲಿ ಐದು ವರ್ಷದಲ್ಲಿ ನೀವು ಒಟ್ಟು ತೆರುವ ಹಣವೂ, ಅದರಲ್ಲಿ ಅಸಲಿಗೆ ಸಂದದ್ದೆಷ್ಟು ಎಂಬುದೂ ಇವೆ. ಕನ್ನಡಕ ಬೇಕಾದವರು ಹಾಕಿಕೊಳ್ಳಿ, ಅಕ್ಷರ ಸಣ್ಣದು.