ಒಗ್ಗರಣೆಗೆ ಮುಂಚಿನ ಪಾಲು



ಸಂಜೆ ಕಾಫಿಯ ಹೊತ್ತಿಗೆ ಮನೆಮಂದಿಯೆಲ್ಲ ಒಂದೊಂದು ಬಟ್ಟಲು ಖಾರ ಮಂಡಕ್ಕಿ ಹಿಡಿದು ಕೂತರೆ, ಸಾಕಿದ ನಾಯಿಯೂ ಬಂದು ಎದುರಿಗೆ ಕೂರುತ್ತದೆ. ಬಟ್ಟಲಿಂದ ಬಾಯಿಗೆ, ಬಾಯಿಂದ ಬಟ್ಟಲಿಗೆ ಅದರ ಕಣ್ಣು ನಮ್ಮ ಕೈಯ ಹಿಂದೆಯೇ ಓಡಾಡುತ್ತದೆ. "ಪಾಪ, ಅದಕ್ಕೂ ಆಸೆ ಇರಲ್ವೇನೋ" ಎನ್ನುತ್ತಾ ಹಿರಿಯರು ಒಂದು ಹಿಡಿ ಅದರ ಮುಂದೆ ಹಾಕುತ್ತಾರೆ. ಮನಸ್ಸೇನೋ ದೊಡ್ಡದು. ಆದರೆ ಆ ಹಿಡಿಯಲ್ಲಿ ಏನೇನಿತ್ತು?

ಬರೀ ಮಂಡಕ್ಕಿಯಿಂದ ನಾಯಿಗೆ ತೊಂದರೆಯಿಲ್ಲ. ತುರಿದ ಕ್ಯಾರೆಟ್ಟೂ ಒಳ್ಳೆಯದೇ. ತೊಂದರೆ ಇರುವುದು ಹೆಚ್ಚಿ ಹಾಕಿದ ಈರುಳ್ಳಿಯಲ್ಲಿ, ಒಗ್ಗರಣೆಯ ಬೆಳ್ಳುಳ್ಳಿಯಲ್ಲಿ. ಇವುಗಳಲ್ಲಿರುವ ಗಂಧಕದ ಅಂಶ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಬೇಯಿಸಿದರೂ ಹುರಿದರೂ ಆ ಗುಣ ಹೋಗುವುದಿಲ್ಲ. ತಿಂದ ದಿನ ನಾಯಿ ಲವಲವಿಕೆಯಿಂದಲೇ ಇರುತ್ತದೆ. ಸುಸ್ತು, ಬಿಳಿಚಿದ ಒಸಡು, ಕಂದು ಬಣ್ಣದ ಮೂತ್ರ ಇವೆಲ್ಲ ಕಾಣಿಸುವುದು ಕೆಲವು ದಿನಗಳ ಮೇಲೆ. ಅಷ್ಟು ಹೊತ್ತಿಗೆ ಆ ಮಂಡಕ್ಕಿ ಯಾರಿಗೂ ನೆನಪಿರುವುದಿಲ್ಲ.

ಕೇಸರಿಬಾತಿನ ಒಣದ್ರಾಕ್ಷಿಯೂ ಹೀಗೆಯೇ. ದ್ರಾಕ್ಷಿ ತಿಂದ ಕೆಲವು ನಾಯಿಗಳ ಮೂತ್ರಪಿಂಡ ಏಕೆ ಕೆಡುತ್ತದೆ ಎಂಬುದು ಬಹಳ ಕಾಲ ಒಗಟಾಗಿತ್ತು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಬೊಟ್ಟು ಮಾಡಿದರು. ಅದೇ ಆಮ್ಲ ನಮ್ಮ ಹುಣಸೆಹಣ್ಣಿನಲ್ಲೂ ಧಾರಾಳವಾಗಿದೆ. ಹಾಗಾಗಿ ಪುಳಿಯೋಗರೆ, ಗೊಜ್ಜು ನಾಯಿಯ ತಟ್ಟೆಗೆ ಬೇಡ. ಚಾಕೊಲೇಟಿನಲ್ಲಿ ನಾಯಿಗೆ ವಿಷವಾಗುವ ಥಿಯೋಬ್ರೋಮಿನ್ ಎಂಬ ಅಂಶ ಅರ್ಧದಷ್ಟು ಇಳಿಯಲು ನಾಯಿಯ ಮೈಗೆ ಸುಮಾರು 17 ಗಂಟೆ ಬೇಕು. ಸಕ್ಕರೆರಹಿತ ಚೂಯಿಂಗ್ ಗಮ್ಮಿಗೆ ಸಿಹಿ ಕೊಡುವ ಝೈಲಿಟಾಲ್ ಅರ್ಧ ಮುಕ್ಕಾಲು ಗಂಟೆಯಲ್ಲೇ ಅದರ ರಕ್ತದ ಸಕ್ಕರೆಯನ್ನು ಪಾತಾಳಕ್ಕಿಳಿಸಬಲ್ಲದು. ಇಂಥದ್ದೇನಾದರೂ ತಿಂದಿತೆಂದು ಗೊತ್ತಾದರೆ, ಲಕ್ಷಣ ಕಾಣಲಿ ಎಂದು ಕಾಯದೆ, ಪೊಟ್ಟಣದ ಸಮೇತ ಪಶುವೈದ್ಯರ ಬಳಿಗೆ ಓಡಬೇಕು.

ನಮ್ಮ ಮದುವೆ ಊಟದ ಪಂಕ್ತಿಯನ್ನು ನೆನೆಯಿರಿ. ಬಡಿಸುವವರು ಎಷ್ಟೇ ಬಲವಂತ ಮಾಡಿದರೂ ಉಣ್ಣುವವರು ಎಲೆಗೆ ಕೈ ಅಡ್ಡ ಹಿಡಿದು "ಸಾಕು, ಸಾಕು" ಎಂದು ತಪ್ಪಿಸಿಕೊಳ್ಳುತ್ತಾರೆ. ನಾಯಿಗೆ ಹಾಗೆ ಅಡ್ಡ ಹಿಡಿಯಲು ಕೈಯಿಲ್ಲ. ನಮ್ಮ ಮೇಲಿನ ನಂಬಿಕೆಯಿಂದ ಕೊಟ್ಟದ್ದನ್ನೆಲ್ಲ ತಿನ್ನುತ್ತದೆ. ಬೇಡ ಎನ್ನಲು ಬಾರದವರಿಗೆ ಕೊಡುವಾಗ, ಅವರ ಪಾಲಿನ ವಿವೇಚನೆಯನ್ನೂ ಕೊಡುವವರೇ ಮಾಡಬೇಕಾಗುತ್ತದೆ. ದಾನಕ್ಕೆ ಪಾತ್ರಾಪಾತ್ರ ನೋಡು ಎಂದರು ಹಿರಿಯರು. ಪಡೆಯುವವರು ಯೋಗ್ಯರೇ ಎಂದು ನಾವು ಅಳೆದದ್ದೇ ಅಳೆದದ್ದು. ಕೊಡುವ ವಸ್ತು ಅವರಿಗೆ ಯೋಗ್ಯವೇ ಎಂದು ನೋಡಿದ್ದು ಕಡಿಮೆ.

ಇದಕ್ಕೊಂದು ದಾರಿ ನಮ್ಮ ಹಳೆಯ ಅಡುಗೆಮನೆಯಲ್ಲೇ ಇದೆ. ಮನೆಯವರು ಉಣ್ಣುವ ಮೊದಲು ಹಸುವಿಗೆ, ಕಾಗೆಗೆ, ನಾಯಿಗೆ, ಇರುವೆಗೆ ಅನ್ನ ಎತ್ತಿಡುವುದನ್ನು ಭೂತಯಜ್ಞವೆಂದು ಕರೆದರು. ಆ ಕ್ರಮದಲ್ಲೊಂದು ಸೂಕ್ಷ್ಮವಿದೆ. ನಮ್ಮ ಬಾಯಿರುಚಿ ಮುಗಿದ ಮೇಲೆ ಉಳಿದದ್ದನ್ನು ಸುರಿಯುವುದು ಎಂಜಲು. ಮೊದಲೇ ಎತ್ತಿಟ್ಟದ್ದು ಪಾಲು. ಎಂಜಲಿಗೆ ಯೋಚನೆ ಬೇಕಿಲ್ಲ, ಪಾಲಿಗೆ ಬೇಕು.

ನಾಯಿಯ ಪಾಲನ್ನೂ ಒಗ್ಗರಣೆಗೆ ಮುಂಚೆಯೇ ಎತ್ತಿಡೋಣ. ಉಪ್ಪು ಖಾರ ಬೀಳದ ಒಂದು ಹಿಡಿ ಮಂಡಕ್ಕಿ, ಸೌತೆಕಾಯಿಯ ನಾಲ್ಕು ಹೋಳು, ಬೇಯಿಸಿದ ಸಿಹಿಗುಂಬಳ, ಬೀಜ ತೆಗೆದ ಸೇಬು ಅಥವಾ ಕಲ್ಲಂಗಡಿ, ಒಂದು ತುಂಡು ಬಾಳೆಹಣ್ಣು. ಅದೂ ಹಿತಮಿತವಾಗಿ. ದಿನದ ಆಹಾರದ ಶಕ್ತಿಯಲ್ಲಿ ಇಂಥ ತಿಂಡಿಯ ಪಾಲು ಹತ್ತರಲ್ಲೊಂದನ್ನು ಮೀರಬಾರದು ಎನ್ನುತ್ತಾರೆ ಪಶುವೈದ್ಯರು. 10 ಕೆ.ಜಿ. ತೂಗುವ ನಾಯಿಗೆ ದಿನಕ್ಕೆ ಬೇಕಾದದ್ದು ಹೆಚ್ಚುಕಡಿಮೆ 600 ಕ್ಯಾಲೊರಿ. ಅಂದರೆ ತಿಂಡಿಗೆ 60. ಎರಡು ಮೂರು ಗ್ಲೂಕೋಸ್ ಬಿಸ್ಕತ್ತಿಗೇ ಆ ಲೆಕ್ಕ ಮುಗಿಯುತ್ತದೆ. ಮನೆಯಲ್ಲಿ ಐದು ಜನ ಒಬ್ಬರಿಗೊಬ್ಬರು ತಿಳಿಸದೆ ಒಂದೊಂದು ಕೊಟ್ಟರೆ ಪ್ರೀತಿಯೇ ಹೊರೆಯಾಗುತ್ತದೆ.

ಇದು ನಾಯಿಗೇ ಮುಗಿಯುವ ಮಾತಲ್ಲ. ಸಕ್ಕರೆ ಕಾಯಿಲೆಯ ದೊಡ್ಡಪ್ಪನ ಎಲೆಗೆ "ಇವತ್ತೊಂದು ದಿನ ಏನಾಗಲ್ಲ" ಎಂದು ಹೋಳಿಗೆ ಹಾಕುವವರೂ ನಾವೇ. ಕೊಟ್ಟ ಖುಷಿ ನಮ್ಮದು, ಅರಗಿಸಿಕೊಳ್ಳುವ ಪಾಡು ಅವರದು. ಒಗ್ಗರಣೆಗೆ ಮುಂಚೆ ನಾಯಿಯ ಪಾಲು ಎತ್ತಿಡುವುದನ್ನು ನೋಡುತ್ತಾ ಬೆಳೆದ ಮಗು, ನಾಳೆ ಯಾರಿಗೆ ಏನು ಕೊಡುವಾಗಲೂ "ಇದು ಅವರಿಗೆ ಆಗುತ್ತದೆಯೇ?" ಎಂದು ಕೇಳಿಕೊಂಡೀತು. ಅಷ್ಟು ಕಲಿತರೆ, ಕೊಡುವುದನ್ನು ಕಲಿತ ಹಾಗೆಯೇ.